ದನಿ ಕೆಟ್ಟಿದ್ದು ಎಲ್ಲಿ? ಮನೆ ರೆಕಾರ್ಡಿಂಗ್‌ನ ದೋಷ ಹುಡುಕುವ ಕೈಪಿಡಿ

ಕಲಬುರಗಿ ಸುತ್ತಮುತ್ತ ಈಗ ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರು ಜಾಸ್ತಿ ಆಗಿದ್ದಾರೆ. ಕೆಲವರು ಪಾಠದ ವಿಡಿಯೋ ಮಾಡುತ್ತಾರೆ. ಕೆಲವರು ತತ್ವಪದ ಹಾಡುವ ಹಿರಿಯರ ದನಿ ಉಳಿಸಿಕೊಳ್ಳಬೇಕು ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ಹಳ್ಳಿಗೆ ಹೋಗುತ್ತಾರೆ. ಸಾಮಾನು ಎಲ್ಲರದ್ದೂ ಹೆಚ್ಚೂಕಮ್ಮಿ ಒಂದೇ. ಒಂದು ಮೈಕ್, ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ಲ್ಯಾಪ್‌ಟಾಪ್, ಅದರೊಳಗೆ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ತೊಂದರೆಗಳೂ ಒಂದೇ ಥರ. ಗುಂಯ್ ಅನ್ನುತ್ತದೆ, ಟಿಕ್ ಟಿಕ್ ಅನ್ನುತ್ತದೆ, ದನಿ ಒಡೆಯುತ್ತದೆ, ಶ್ರುತಿ ಏರುತ್ತದೆ, ಕೆಲವು ಸಲ ಫೈಲೇ ತೆರೆಯುವುದಿಲ್ಲ.

ಇಂಥ ಹೊತ್ತಿನಲ್ಲಿ ಬಹಳ ಜನ ಎಲ್ಲವನ್ನೂ ಒಟ್ಟಿಗೇ ಬದಲಿಸುತ್ತಾರೆ. ಗೇನ್ ತಿರುಗಿಸುತ್ತಾರೆ, ಕೇಬಲ್ ಬದಲಿಸುತ್ತಾರೆ, ಡ್ರೈವರ್ ತೆಗೆದು ಮತ್ತೆ ಹಾಕುತ್ತಾರೆ. ಸರಿ ಹೋದರೂ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಅದೇ ತೊಂದರೆ ಮತ್ತೆ ಬರುತ್ತದೆ.

ಅದಕ್ಕೇ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ. ದೋಷ ಒಳಗೆ ಬಂದದ್ದು ಯಾವಾಗ? ಕಂಪ್ಯೂಟರ್ ರೆಕಾರ್ಡಿಂಗ್ ಅಂದರೆ ದನಿಯನ್ನು ಅಂಕಿಗಳಾಗಿ ಬರೆದಿಡುವುದು. ದನಿ ಅಂಕಿಯಾಗುವ ಮೊದಲೇ ಬಂತಾ, ಅಂಕಿಯಾದ ಮೇಲೆ ಬಂತಾ, ಅಂಕಿ ತಿರುಗಿ ದನಿಯಾಗುವಾಗ ಬಂತಾ? ಮೂರನೆಯದಾದರೆ ನಿಮ್ಮ ರೆಕಾರ್ಡಿಂಗ್‌ಗೆ ಏನೂ ಆಗಿಲ್ಲ, ನೆಮ್ಮದಿಯಾಗಿರಿ. ಎರಡನೆಯದಾದರೆ ಬಹಳ ಸಲ ಸರಿ ಮಾಡಬಹುದು. ಮೊದಲನೆಯದಾದರೆ ಮತ್ತೆ ರೆಕಾರ್ಡ್ ಮಾಡಬೇಕಾದೀತು. ಎಂಬತ್ತು ದಾಟಿದ ಹಾಡುಗಾರರನ್ನು ಮತ್ತೊಮ್ಮೆ ಕೂರಿಸುವುದು ಯಾವಾಗಲೂ ಆಗುವ ಮಾತಲ್ಲ. ಆದ್ದರಿಂದ ಈ ಪ್ರಶ್ನೆ ಮುಖ್ಯ.

ದನಿ ಹೋಗುವ ದಾರಿ

ಹಾಡುವವರ ದನಿ ಗಾಳಿಯನ್ನು ಅಲುಗಿಸುತ್ತದೆ. ಮೈಕ್ ಒಳಗಿನ ತೆಳು ಪೊರೆ ಆ ಅಲುಗಾಟಕ್ಕೆ ತಕ್ಕಂತೆ ತೀರಾ ಸಣ್ಣ ವೋಲ್ಟೇಜ್ ಕೊಡುತ್ತದೆ. ಸೌಂಡ್ ಕಾರ್ಡ್ ಒಳಗಿನ ಪ್ರಿಆಂಪ್ ಅದನ್ನು ದೊಡ್ಡದು ಮಾಡುತ್ತದೆ. ಗೇನ್ ಅಂತ ಬರೆದಿರುವ ತಿರುಗಣೆ ಇದರದ್ದೇ. ಅಲ್ಲಿಂದ ವೋಲ್ಟೇಜ್ ಎಡಿಸಿ ಅನ್ನುವ ಚಿಪ್‌ಗೆ ಹೋಗುತ್ತದೆ. ಈ ಚಿಪ್ ಸೆಕೆಂಡಿಗೆ 44,100 ಸಲ ಇಲ್ಲವೇ 48,000 ಸಲ ವೋಲ್ಟೇಜ್ ಅಳೆದು, ಪ್ರತಿ ಸಲ ಒಂದು ಅಂಕಿ ಬರೆಯುತ್ತದೆ. ಹೀಗೆ ಅಳೆದ ಒಂದೊಂದು ಅಂಕಿಯೂ ಒಂದು ಸ್ಯಾಂಪಲ್. ಒಂದು ಅಂಕಿ ಬರೆಯಲು ಕೊಡುವ ಜಾಗವನ್ನು ಬಿಟ್‌ನಲ್ಲಿ ಹೇಳುತ್ತಾರೆ. 16 ಬಿಟ್ ಆದರೆ ಅಂಕಿ ಮೈನಸ್ 32,768ರಿಂದ 32,767ರ ಒಳಗಿರುತ್ತದೆ. ನಿಮ್ಮ ವೇವ್ ಫೈಲ್ ಅಂದರೆ ಈ ಅಂಕಿಗಳ ಉದ್ದ ಸಾಲು, ತಲೆಯಲ್ಲಿ ಸ್ವಲ್ಪ ವಿವರ, ಅಷ್ಟೇ.

ಕೇಳುವಾಗ ದಾರಿ ತಿರುಗುತ್ತದೆ. ಡಿಎಸಿ ಅನ್ನುವ ಚಿಪ್ ಅಂಕಿಗಳನ್ನು ಅದೇ ವೇಗದಲ್ಲಿ ವೋಲ್ಟೇಜ್ ಮಾಡುತ್ತದೆ. ನಡುವಿನ ಜಾಗವನ್ನು ಫಿಲ್ಟರ್ ನಯವಾಗಿ ತುಂಬುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರ್ ಅಲುಗಿಸುತ್ತದೆ.

ಅಂಕಿ ಅಂಕಿಯ ನಡುವೆ ದನಿ ಕಳೆದುಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ದನಿಯಲ್ಲಿರುವ ಅತಿ ಎತ್ತರದ ಕಂಪನದ ಎರಡು ಪಟ್ಟಿಗಿಂತ ಜಾಸ್ತಿ ಸಲ ಅಳೆದರೆ ಮೂಲ ಅಲೆಯನ್ನು ಪೂರ್ತಿ ಮತ್ತೆ ಕಟ್ಟಬಹುದು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದಕ್ಕೆ ಅಡಿಪಾಯ ಹಾಕಿದ. ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಗಣಿತದಿಂದ ಗಟ್ಟಿ ಮಾಡಿ ಬರೆದ. ನಮ್ಮ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್, ಅಂದರೆ ಸೆಕೆಂಡಿಗೆ 20,000 ಕಂಪನದ ತನಕ. ಅದಕ್ಕೆ 44,100 ಸಾಕು, 48,000 ಧಾರಾಳ. ದನಿ ಚೊಕ್ಕ ಬರಲಿ ಅಂತ 96,000 ಇಡುವವರಿದ್ದಾರೆ. ಹಾಡಿನ ರೆಕಾರ್ಡಿಂಗ್‌ಗೆ ಅದರಿಂದ ಫೈಲ್ ದೊಡ್ಡದಾಗುತ್ತದೆ, ಕೇಳುವ ದನಿ ಸುಧಾರಿಸುವುದಿಲ್ಲ.

ಎಲ್ಲಕ್ಕಿಂತ ಮೊದಲ ಪರೀಕ್ಷೆ

ಮೂಲ ಫೈಲಿನ ಒಂದು ಕಾಪಿ ಮಾಡಿ. ಮೂಲವನ್ನು ಮುಟ್ಟಬೇಡಿ. ಏನೇ ಮಾಡುವುದಿದ್ದರೂ ಕಾಪಿಯ ಮೇಲೆ ಮಾಡಿ.

ಕಾಪಿಯನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ, ವೈರ್ ಇರುವ ಇಯರ್‌ಫೋನ್‌ನಲ್ಲಿ ಕೇಳಿ. ಎಲ್ಲಿ ದೋಷ ಕೇಳಿಸಿತೋ ಆ ನಿಮಿಷ, ಸೆಕೆಂಡು ಚೀಟಿಯಲ್ಲಿ ಬರೆದುಕೊಳ್ಳಿ. ಇನ್ನೊಂದು ಸಲ ಕೇಳಿ. ಆಮೇಲೆ ಅದೇ ಫೈಲನ್ನು ಬೇರೆ ಫೋನ್‌ಗೆ ಹಾಕಿ ಕೇಳಿ.

ಮೂರೂ ಸಲ ಅದೇ ಜಾಗದಲ್ಲಿ ಟಿಕ್ ಅಂದರೆ ದೋಷ ಫೈಲ್ ಒಳಗಿದೆ. ಒಂದೊಂದು ಸಲ ಒಂದೊಂದು ಕಡೆ ಅಂದರೆ, ಇಲ್ಲವೇ ಫೋನ್‌ನಲ್ಲಿ ಕೇಳಿಸಲೇ ಇಲ್ಲ ಅಂದರೆ, ಫೈಲ್ ಚೆನ್ನಾಗಿದೆ. ನೋಡಬೇಕಾದದ್ದು ಲ್ಯಾಪ್‌ಟಾಪ್ ದನಿ ಹೊರಡಿಸುವ ಕಡೆ. ಈ ಒಂದು ಪರೀಕ್ಷೆಗೆ ಐದು ನಿಮಿಷ ಬೇಕು. ಹೊಸ ಮೈಕ್ ಕೊಳ್ಳುವ ಎಷ್ಟೋ ಖರ್ಚನ್ನು ಇದು ತಪ್ಪಿಸುತ್ತದೆ.

ಬ್ಲೂಟೂತ್ ಇಯರ್‌ಬಡ್‌ನಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಡಿ. ಲ್ಯಾಪ್‌ಟಾಪ್‌ನ ಯಾವುದಾದರೂ ಪ್ರೋಗ್ರಾಂ ಅದರ ಮೈಕ್ ತೆರೆದ ಕೂಡಲೇ ಇಯರ್‌ಬಡ್ ಫೋನ್ ಕರೆಯ ಮೋಡ್‌ಗೆ ಹೋಗುತ್ತದೆ. ಆಗ ಬಹಳ ಸಲ ಬರುವುದು ಸೆಕೆಂಡಿಗೆ 8,000 ಇಲ್ಲವೇ 16,000 ಸ್ಯಾಂಪಲ್‌ನ ಒಂಟಿ ಚಾನಲ್ ದನಿ. ಎಲ್ಲವೂ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಅದು ನಿಮ್ಮ ರೆಕಾರ್ಡಿಂಗ್‌ನ ದೋಷವೇ ಅಲ್ಲ.

ಶ್ರುತಿ ಏರಿದೆ, ಇಲ್ಲವೇ ಇಳಿದಿದೆ

ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಭಜನಾ ಮಂಡಳಿಯವರ ಹಾಡು ರೆಕಾರ್ಡ್ ಆಗಿತ್ತು. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ. ಮರುದಿನ ಕೇಳಿಸಿದಾಗ ಹಾಡಿದ ಹಿರಿಯರು ತಲೆ ಅಲ್ಲಾಡಿಸಿದರು.

"ಹಾಡಿದವ ನಾನೇ ಖರೆ. ಆದ್ರ ದನಿ ನಂದಲ್ಲೋ ತಮ್ಮಾ."

"ಮುತ್ಯಾ, ಮಷಿನ್‌ದಾಗ ನಮ್ಮ ದನಿ ನಮಗ ಹಂಗೇ ಬ್ಯಾರೆ ಕೇಳಸ್ತದರಿ," ಅಂದ ರೆಕಾರ್ಡ್ ಮಾಡಿದ ಹುಡುಗ.

ಅವನ ಮಾತು ಸುಳ್ಳಲ್ಲ. ನಮ್ಮ ದನಿ ನಮಗೆ ತಲೆಬುರುಡೆಯ ಎಲುಬಿನ ಮೂಲಕವೂ ಕೇಳುತ್ತದೆ, ರೆಕಾರ್ಡಿಂಗ್‌ನಲ್ಲಿ ಆ ಭಾಗ ಇರುವುದಿಲ್ಲ. ಆದರೆ ಈ ಸಲ ಮುತ್ಯಾ ಹೇಳಿದ್ದೇ ಸರಿ. ಹಾರ್ಮೋನಿಯಂ ತೆಗೆದು ನೋಡಿದಾಗ ಗೊತ್ತಾಯಿತು. ಅವರು ಹಾಡಿದ್ದು ಬಿಳಿ ಒಂದರಲ್ಲಿ, ಅಂದರೆ ಮೊದಲ ಬಿಳಿ ಮನೆಯ ಶ್ರುತಿಯಲ್ಲಿ. ಈಗ ಕೇಳುತ್ತಿದ್ದ ಷಡ್ಜ ಕರಿ ಒಂದನ್ನು ದಾಟಿತ್ತು, ಬಿಳಿ ಎರಡನ್ನು ಮುಟ್ಟಿರಲಿಲ್ಲ. ಹಾರ್ಮೋನಿಯಂನ ಎರಡು ಮನೆಗಳ, ಅಂದರೆ ಒತ್ತುವ ಕೀಲಿಗಳ, ನಟ್ಟನಡುವೆ ನಿಂತಿತ್ತು.

ಈ ಗುರುತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸೆಕೆಂಡಿಗೆ 44,100 ಸಲ ಅಳೆದ ಅಂಕಿಗಳನ್ನು 48,000ದ ವೇಗದಲ್ಲಿ ಓದಿಸಿದರೆ ಹಾಡು ಸುಮಾರು ನೂರಕ್ಕೆ 9ರಷ್ಟು ವೇಗವಾಗುತ್ತದೆ. ಶ್ರುತಿ ಸುಮಾರು ಒಂದೂವರೆ ಮನೆ ಏರುತ್ತದೆ. ಹಾಡುಗಾರ ತಾನೇ ಶ್ರುತಿ ಬದಲಿಸಿ ಹಾಡಿದ್ದರೆ ಅದು ಹಾರ್ಮೋನಿಯಂನ ಯಾವುದಾದರೂ ಒಂದು ಮನೆಗೆ ಕೂರುತ್ತಿತ್ತು, ಏಕೆಂದರೆ ಹಾರ್ಮೋನಿಯಂ ಜೊತೆಗೇ ಇತ್ತು. ನಡುವೆ ನಿಂತರೆ ಬಹುಮಟ್ಟಿಗೆ ಇದು ಸ್ಯಾಂಪಲ್ ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವ ಸಂಖ್ಯೆಯ ಗೊಂದಲ. ತಿರುಗುಮುರುಗಾದರೆ, ಅಂದರೆ 48,000ದ ಅಂಕಿಗಳನ್ನು 44,100ರ ವೇಗದಲ್ಲಿ ಓದಿಸಿದರೆ, ಶ್ರುತಿ ಅಷ್ಟೇ ಇಳಿಯುತ್ತದೆ, ಹಾಡು ಎಳೆದಾಡುತ್ತದೆ.

ಹಾರ್ಮೋನಿಯಂ ಇಲ್ಲದಿದ್ದರೆ ಗಡಿಯಾರ ನೋಡಿ. ನಿಜವಾಗಿ 10 ನಿಮಿಷದ ಹಾಡು 9 ನಿಮಿಷ 11 ಸೆಕೆಂಡಿಗೆ ಮುಗಿದರೆ ಮೊದಲ ಗೊಂದಲ. 10 ನಿಮಿಷ 53 ಸೆಕೆಂಡು ಹಿಡಿದರೆ ಎರಡನೆಯದು. ಜೊತೆಗೆ ಯಾರಾದರೂ ಫೋನ್‌ನಲ್ಲಿ ವಿಡಿಯೋ ಮಾಡಿದ್ದರೆ ಅದರ ಉದ್ದಕ್ಕೆ ಹೋಲಿಸಿ.

ಸಂತೋಷದ ಮಾತು ಏನೆಂದರೆ ಇಲ್ಲಿ ಅಂಕಿಗಳು ಒಂದೂ ಕೆಟ್ಟಿಲ್ಲ. ಓದುವ ವೇಗ ಮಾತ್ರ ತಪ್ಪಿದೆ. ಆಡಾಸಿಟಿಯಲ್ಲಿ ಟ್ರ್ಯಾಕಿನ ಹೆಸರಿನ ಮೇಲೆ ಒತ್ತಿದರೆ ಮೆನು ಬರುತ್ತದೆ. ಅದರಲ್ಲಿ ರೇಟ್ ಅನ್ನುವಲ್ಲಿ ಸರಿಯಾದ ಸಂಖ್ಯೆ ಆರಿಸಿ. ದನಿ ಆ ಕ್ಷಣಕ್ಕೇ ತನ್ನ ಜಾಗಕ್ಕೆ ಬರುತ್ತದೆ. ರೀಸ್ಯಾಂಪಲ್ ಅನ್ನುವುದು ಬೇರೆ ಕೆಲಸ. ಅದು ಅಂಕಿಗಳನ್ನು ಹೊಸದಾಗಿ ಲೆಕ್ಕ ಹಾಕುತ್ತದೆ, ವೇಗ ಬದಲಿಸುವುದಿಲ್ಲ. ಇಲ್ಲಿ ಅದನ್ನು ಒತ್ತಬೇಡಿ.

ಮುಂದೆ ಹೀಗಾಗದಿರಲು ಮೂರು ಕಡೆ ಒಂದೇ ಸಂಖ್ಯೆ ಇರಲಿ: ಸೌಂಡ್ ಕಾರ್ಡಿನ ತನ್ನ ಸೆಟ್ಟಿಂಗ್, ವಿಂಡೋಸ್‌ನ ಸೌಂಡ್ ಸೆಟ್ಟಿಂಗ್, ಆಡಾಸಿಟಿಯ ಪ್ರಾಜೆಕ್ಟ್ ರೇಟ್. ವಿಡಿಯೋ ಜೊತೆ ಸೇರಿಸುವುದಿದ್ದರೆ ಎಲ್ಲ ಕಡೆ 48,000 ಇಡಿ.

ಎರಡು ಸಂಖ್ಯೆ ಯಾಕೆ ಬೇಕಿತ್ತು ಅಂತ ಕೇಳುವವರಿದ್ದಾರೆ. ಡಿಜಿಟಲ್ ಆಡಿಯೋ ಹುಟ್ಟಿದ ಹೊಸದರಲ್ಲಿ ಅಷ್ಟೊಂದು ಅಂಕಿ ಹಿಡಿಸುವ ಅಗ್ಗದ ಜಾಗ ಅಂದರೆ ವಿಡಿಯೋ ಟೇಪ್. ಚಿತ್ರದ ಒಂದೊಂದು ಗೆರೆಯಲ್ಲಿ 3 ಸ್ಯಾಂಪಲ್ ಬರೆಯುತ್ತಿದ್ದರು. ಸೆಕೆಂಡಿಗೆ 60 ಫೀಲ್ಡ್ (ಒಂದು ಫೀಲ್ಡ್ ಅಂದರೆ ಅರ್ಧ ಚಿತ್ರ), ಒಂದೊಂದರಲ್ಲಿ ಬಳಸುವ ಗೆರೆ 245. ಗುಣಿಸಿ ನೋಡಿ, 44,100 ಬರುತ್ತದೆ. 50 ಫೀಲ್ಡ್‌ನ ಪದ್ಧತಿಯಲ್ಲಿ 294 ಗೆರೆ, ಅಲ್ಲೂ 44,100. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ಅದನ್ನೇ ಇಟ್ಟುಕೊಂಡಿತು. ವಿಡಿಯೋ ಮತ್ತು ಸಿನಿಮಾದವರು 48,000 ಹಿಡಿದರು. ಎರಡೂ ಉಳಿದುಕೊಂಡವು, ಗೊಂದಲವೂ ಉಳಿದುಕೊಂಡಿತು.

ದನಿ ಒಡೆದಿದೆ

ಎತ್ತರದ ಸ್ವರ ಬಂದಾಗ ಬರ್ರ್ ಅಂತ ಒಡೆದರೆ ಆ ಜಾಗವನ್ನು ಆಡಾಸಿಟಿಯಲ್ಲಿ ಹಿಗ್ಗಿಸಿ ನೋಡಿ. ಅಲೆಯ ನೆತ್ತಿ ದುಂಡಗೆ ಇರಬೇಕು. ಕತ್ತರಿಸಿದಂತೆ ಚಪ್ಪಟೆ ಇದ್ದರೆ ಅದು ಕ್ಲಿಪ್ಪಿಂಗ್.

16 ಬಿಟ್‌ನಲ್ಲಿ ಎಡಿಸಿ ಬರೆಯಬಲ್ಲ ಅತಿ ದೊಡ್ಡ ಅಂಕಿ 32,767. ವೋಲ್ಟೇಜ್ ಅದಕ್ಕೂ ಮೇಲೆ ಹೋದರೆ ಅದು 32,767 ಅಂತಲೇ ಬರೆಯುತ್ತಾ ಹೋಗುತ್ತದೆ. ಜೋಳ ಅಳೆಯುವಾಗ ಸೇರು ತುಂಬಿದ ಮೇಲೆ ಎಷ್ಟು ಸುರಿದರೂ ಲೆಕ್ಕಕ್ಕೆ ಒಂದೇ ಸೇರು, ಚೆಲ್ಲಿದ್ದು ಎಷ್ಟು ಅಂತ ಸೇರಿಗೆ ಗೊತ್ತಿಲ್ಲ. ಆಮೇಲೆ ವಾಲ್ಯೂಮ್ ಇಳಿಸಿದರೆ ಚಪ್ಪಟೆ ನೆತ್ತಿ ಚಿಕ್ಕದಾಗುತ್ತದೆ, ದುಂಡಗಾಗುವುದಿಲ್ಲ.

ಆ ಚಪ್ಪಟೆ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ಗಮನಿಸಿ. ಆಡಾಸಿಟಿಯ ಅಳತೆಪಟ್ಟಿಯಲ್ಲಿ ಸರಿಯಾಗಿ 1.0ರ ಗೆರೆಗೆ ತಾಗಿ ಚಪ್ಪಟೆ ಆಗಿದ್ದರೆ ತುಂಬಿ ಚೆಲ್ಲಿದ್ದು ಎಡಿಸಿಯಲ್ಲಿ. ಗೇನ್ ಇಳಿಸಿದರೆ ಸಾಕು. ಆದರೆ 0.5ರಲ್ಲೋ 0.6ರಲ್ಲೋ ಚಪ್ಪಟೆ ಇದ್ದರೆ ಎಡಿಸಿಗೆ ಬರುವ ಮೊದಲೇ ಒಡೆದಿದೆ. ಮಿಕ್ಸರ್‌ನ ಒಳಗೆ ಒಡೆದಿರಬಹುದು. ಮಿಕ್ಸರ್‌ನ ದೊಡ್ಡ ಲೈನ್ ಔಟ್‌ಪುಟ್ಟನ್ನು ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಚುಚ್ಚಿರಬಹುದು. ಅಂಥ ಕಡೆ ರೆಕಾರ್ಡಿಂಗ್ ಲೆವೆಲ್ ಎಷ್ಟು ಇಳಿಸಿದರೂ ಒಡಕು ಹಾಗೇ ಇರುತ್ತದೆ. ಹಿಂದಕ್ಕೆ ಹೋಗಿ ಮಿಕ್ಸರ್‌ನಲ್ಲೇ ಇಳಿಸಬೇಕು. ನಿಮಗೆ ಫೈಲ್ ಕೊಟ್ಟವರು ವಾಲ್ಯೂಮ್ ಮುಟ್ಟಿಲ್ಲ ಅಂತ ಮಾತ್ರ ಮೊದಲು ಖಚಿತ ಮಾಡಿಕೊಳ್ಳಿ.

ಭಜನೆಯಲ್ಲಿ ಲೆವೆಲ್ ಇಡುವುದಕ್ಕೆ ಒಂದು ಕ್ರಮ ಇದೆ. ಪದ ಮೆಲ್ಲಗೆ ಶುರುವಾಗುತ್ತದೆ. ಪಲ್ಲವಿ ಬಂದಾಗ ಎಲ್ಲರೂ ದನಿಗೂಡಿಸುತ್ತಾರೆ. ಕೊನೆಗೆ ಲಯ ಏರಿ ದಮ್ಮಡಿ ಜೋರಾಗುತ್ತದೆ. "ಹಲೋ ಮೈಕ್ ಟೆಸ್ಟಿಂಗ್" ಅನ್ನುವ ಮಾತಿಗೆ ಲೆವೆಲ್ ಇಟ್ಟರೆ ಆ ಕೊನೆಯಲ್ಲಿ ಖಂಡಿತ ಒಡೆಯುತ್ತದೆ. ಎಲ್ಲರನ್ನೂ ಕೇಳಿಕೊಂಡು ಪೂರ್ತಿ ಜೋರಿನಲ್ಲಿ ಒಂದು ಪಲ್ಲವಿ ಹಾಡಿಸಿ. ಆಗ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗೆ ನಿಲ್ಲಲಿ. ಮೀಟರ್‌ನಲ್ಲಿ ಸೊನ್ನೆ ಅಂದರೆ ಎಡಿಸಿ ತುಂಬಿದ ಗುರುತು.

ಅಷ್ಟು ಕೆಳಗಿಟ್ಟರೆ ದನಿ ಸಣ್ಣದಾಗುತ್ತದಲ್ವಾ ಅಂತ ಭಯ ಬೇಡ. ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ಜಾಗ ಸಿಗುತ್ತದೆ. 16 ಬಿಟ್‌ಗೆ ಸುಮಾರು 96, 24 ಬಿಟ್‌ಗೆ ಲೆಕ್ಕದಲ್ಲಿ 144. 24 ಬಿಟ್‌ನಲ್ಲಿ 12 ಡೆಸಿಬೆಲ್ ಬಿಟ್ಟುಕೊಟ್ಟರೂ ಕಳೆದುಕೊಳ್ಳುವುದು ಏನೂ ಇಲ್ಲ. ಕೋಣೆಯ ಸದ್ದೇ ಅದಕ್ಕಿಂತ ಎಷ್ಟೋ ಮೇಲಿರುತ್ತದೆ.

ಆಡಾಸಿಟಿಯಲ್ಲಿ 32 ಬಿಟ್ ಫ್ಲೋಟ್ ಇದೆ, ಇನ್ನು ಒಡೆಯುವುದೇ ಇಲ್ಲ ಅಂದುಕೊಳ್ಳಬೇಡಿ. ಅದು ಅಂಕಿಗಳನ್ನು ಇಟ್ಟುಕೊಳ್ಳುವ ಪೆಟ್ಟಿಗೆ ಮಾತ್ರ. ನಿಮ್ಮ ಕಾರ್ಡಿನ ಎಡಿಸಿ ಮೊದಲೇ ತುಂಬಿ ಚೆಲ್ಲಿದ್ದರೆ ಪೆಟ್ಟಿಗೆ ಎಷ್ಟು ದೊಡ್ಡದಿದ್ದರೂ ಪ್ರಯೋಜನ ಇಲ್ಲ. ಒಡೆದದ್ದು ಒಂದೆರಡು ನೆತ್ತಿ ಆದರೆ ಕ್ಲಿಪ್ ಫಿಕ್ಸ್ ಎಫೆಕ್ಟ್ ಊಹೆ ಮಾಡಿ ದುಂಡಗೆ ಮಾಡುತ್ತದೆ. ಸಾಲು ಸಾಲೇ ಒಡೆದಿದ್ದರೆ ಮತ್ತೆ ಹಾಡಿಸುವುದೇ ದಾರಿ.

ಟಿಕ್ ಟಿಕ್, ನಡುನಡುವೆ ಹಾರಿದಂತೆ

ಲ್ಯಾಪ್‌ಟಾಪ್ ಅಂಕಿಗಳನ್ನು ಒಂದೊಂದಾಗಿ ತೆಗೆದುಕೊಳ್ಳುವುದಿಲ್ಲ. ಗುಂಪು ಗುಂಪಾಗಿ ತೆಗೆದುಕೊಳ್ಳುತ್ತದೆ. ಆ ಗುಂಪಿಗೆ ಬಫರ್ ಅನ್ನುತ್ತಾರೆ. ಬಫರ್ 256 ಅಂತ ಇಟ್ಟರೆ 48,000ದ ವೇಗದಲ್ಲಿ ಸುಮಾರು 5.3 ಮಿಲಿಸೆಕೆಂಡಿಗೆ ಒಂದು ಗುಂಪು ಬರುತ್ತದೆ. ಅಷ್ಟರೊಳಗೆ ಲ್ಯಾಪ್‌ಟಾಪ್ ಬೇರೆ ಕೆಲಸ ಮುಗಿಸಿ ಬರದಿದ್ದರೆ ಒಂದು ಗುಂಪೇ ಬಿದ್ದು ಹೋಗುತ್ತದೆ. ಅಲೆ ಒಂದು ಎತ್ತರದಿಂದ ಇನ್ನೊಂದಕ್ಕೆ ನೇರ ಜಿಗಿಯುತ್ತದೆ. ಕಿವಿಗೆ ಅದು ಟಿಕ್.

ರೆಕಾರ್ಡ್ ಮಾಡುವಾಗ ಬಫರ್ 1,024 ಇಡಿ. ಗುಂಪಿಗೆ 21 ಮಿಲಿಸೆಕೆಂಡು ಸಮಯ ಸಿಗುತ್ತದೆ. ಹಾಡುವವರಿಗೆ ಹೆಡ್‌ಫೋನ್‌ನಲ್ಲಿ ತಮ್ಮ ದನಿ ತಡವಾಗಿ ಕೇಳಿ ಕಿರಿಕಿರಿ ಆದರೆ, ಕಾರ್ಡ್ ಮೇಲಿನ ಡೈರೆಕ್ಟ್ ಮಾನಿಟರ್ ಬಟನ್ ಒತ್ತಿ. ಆಗ ದನಿ ಲ್ಯಾಪ್‌ಟಾಪ್ ಸುತ್ತಿ ಬರದೆ ನೇರ ಕಿವಿಗೆ ಹೋಗುತ್ತದೆ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನ್ ಸದ್ದು ಬರುತ್ತದೆ ಅಂತ ಆಫ್ ಮಾಡಿ, ಕಿಟಕಿ ಮುಚ್ಚಿ, ಲ್ಯಾಪ್‌ಟಾಪನ್ನು ಗಾದಿಯ ಮೇಲಿಟ್ಟು ರೆಕಾರ್ಡ್ ಮಾಡುತ್ತೇವೆ. ಗಾಳಿ ಹೋಗುವ ದಾರಿ ಮುಚ್ಚಿ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಟಿಕ್ ಶುರುವಾದರೆ ಕಾರಣ ಇದೇ ಇರಬಹುದು. ಗಟ್ಟಿ ಹಲಗೆಯ ಮೇಲಿಡಿ, ವೈಫೈ ಆಫ್ ಮಾಡಿ, ಪವರ್ ಸೇವಿಂಗ್ ತೆಗೆಯಿರಿ. ಯುಎಸ್‌ಬಿ ಹಬ್ ಬೇಡ, ಕಾರ್ಡನ್ನು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ. ಬಿಡಿ ಟಿಕ್‌ಗಳನ್ನು ಆಡಾಸಿಟಿಯ ರಿಪೇರ್ ಸರಿ ಮಾಡುತ್ತದೆ. ಒಂದು ಸಲಕ್ಕೆ 128 ಸ್ಯಾಂಪಲ್ ತನಕ ಮಾತ್ರ ಆರಿಸಬೇಕು.

ಗುಂಯ್ ಅನ್ನುವ ಸದ್ದು

ಗುಂಯ್ ಸದ್ದು ಅಂಕಿಯಲ್ಲಿ ಹುಟ್ಟುವುದಿಲ್ಲ. ಬಹುತೇಕ ಯಾವಾಗಲೂ ಎಡಿಸಿಗಿಂತ ಮೊದಲೇ ಸೇರಿಕೊಂಡಿರುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್. ಸದ್ದಿರುವ, ಹಾಡಿಲ್ಲದ ಐದು ಸೆಕೆಂಡು ಆರಿಸಿ ಪ್ಲಾಟ್ ಸ್ಪೆಕ್ಟ್ರಮ್ ನೋಡಿ. 50, 100, 150ರಲ್ಲಿ ಮುಳ್ಳಿನಂತೆ ಎದ್ದಿದ್ದರೆ ಕರೆಂಟಿನದ್ದು. ಹರಡಿಕೊಂಡಿದ್ದರೆ ಕೂಲರ್ ಇಲ್ಲವೇ ಫ್ಯಾನಿನದ್ದು.

ಕರೆಂಟಿನದ್ದಾದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಸದ್ದು ಹೋದರೆ ಅರ್ಥಿಂಗ್ ಸುತ್ತು. ಅಂದರೆ ಲ್ಯಾಪ್‌ಟಾಪ್‌ಗೆ ಒಂದು ದಾರಿಯಿಂದ, ಮಿಕ್ಸರ್‌ಗೆ ಇನ್ನೊಂದು ದಾರಿಯಿಂದ ಅರ್ಥ್ ಸಿಕ್ಕಿದೆ, ನಡುವಿನ ಕೇಬಲ್‌ನಲ್ಲಿ ಕರೆಂಟ್ ಹರಿಯುತ್ತಿದೆ. ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿ, ಇಲ್ಲವೇ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಅರ್ಥ್ ಪಿನ್ ಮಾತ್ರ ಮುರಿಯಬೇಡಿ. ಸದ್ದು ಹೋಗುತ್ತದೆ, ಆದರೆ ಮೈಕ್ ಹಿಡಿದವರ ಜೀವಕ್ಕೆ ಅಪಾಯ.

ಎರೆಮಣ್ಣಿನ ನೆಲದಲ್ಲಿ ಬೇಸಿಗೆ ಬಂತೆಂದರೆ ಮಣ್ಣು ಬಿರಿದು ಅರ್ಥಿಂಗ್ ಗುಂಡಿ ಒಣಗುತ್ತದೆ. ಮಳೆಗಾಲದಲ್ಲಿ ಇಲ್ಲದ ಗುಂಯ್ ಬೇಸಿಗೆಯಲ್ಲಿ ಬರುವುದಕ್ಕೆ ಇದೂ ಒಂದು ಕಾರಣ. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ನೋಡಿಸಿ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದಾಗ ಸದ್ದು ಇನ್ನೂ ಚೂಪಾಗುತ್ತಿದ್ದರೆ ಇನ್ವರ್ಟರ್ ಸ್ಕ್ವೇರ್ ವೇವ್‌ನದ್ದಿರಬೇಕು, ಅಂದರೆ ಅದರ ಕರೆಂಟಿನ ಅಲೆ ದುಂಡಗಿಲ್ಲದೆ ಚೌಕವಾಗಿರುತ್ತದೆ. ರೆಕಾರ್ಡಿಂಗ್ ಹೊತ್ತಿಗೆ ಅದನ್ನು ಆಫ್ ಮಾಡಿಬಿಡಿ.

ಸದ್ದು ಗಾಳಿಯಲ್ಲಿ ಬರುತ್ತಿದೆಯೋ ವೈರ್‌ನಲ್ಲಿ ಬರುತ್ತಿದೆಯೋ ಗೊತ್ತಾಗದಿದ್ದರೆ ಮೈಕನ್ನು ದಪ್ಪ ಕೌದಿಯಲ್ಲಿ ಸುತ್ತಿ. ಕಮ್ಮಿಯಾದರೆ ಗಾಳಿಯದ್ದು. ಹಾಗೇ ಇದ್ದರೆ ವೈರ್‌ನದ್ದು.

ಏಕತಾರಿ ಮಾಯ, ತಾಳ ನೀರಾಗಿದೆ

ಹಾಡು ಕೇಳುತ್ತದೆ, ಹಿಂದಿನ ಏಕತಾರಿ ಬಂದು ಬಂದು ಹೋಗುತ್ತದೆ. ಇದು ಮೈಕ್‌ನ ತಪ್ಪಲ್ಲ. ಫೋನ್, ಲ್ಯಾಪ್‌ಟಾಪ್, ಮೀಟಿಂಗ್ ಆಪ್‌ಗಳಲ್ಲಿ ಸದ್ದು ಅಳಿಸುವ ಲೆಕ್ಕಾಚಾರ ಓಡುತ್ತಿರುತ್ತದೆ. ಒಂದೇ ಸಮ ಬರುವ ಸದ್ದೆಲ್ಲ ಅದಕ್ಕೆ ಬೇಡದ ಸದ್ದು. ಕೂಲರ್ ಎಷ್ಟೋ ತಂಬೂರಿಯೂ ಅಷ್ಟೇ. ಶ್ರುತಿಯೇ ನಮ್ಮ ಸಂಗೀತದ ನೆಲ ಅನ್ನುವುದು ಅದಕ್ಕೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಮೈಕ್‌ನ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಝೂಮ್‌ನಲ್ಲಿ ಸಂಗೀತಗಾರರಿಗೆ ಅಂತಲೇ ಒರಿಜಿನಲ್ ಸೌಂಡ್ ಇದೆ, ಅದನ್ನು ಆನ್ ಮಾಡಿ. ಸಾಲು ಸಾಲಿನ ನಡುವೆ ಕೋಣೆಯ ಸದ್ದು ಉಬ್ಬಿ ಬರುತ್ತಿದ್ದರೆ ಅದು ತಾನೇ ಗೇನ್ ಏರಿಸುವ ಸೆಟ್ಟಿಂಗ್. ಅದನ್ನೂ ತೆಗೆಯಿರಿ. ಹೀಗೆ ಕಳೆದ ಏಕತಾರಿ ಫೈಲ್‌ನಲ್ಲಿ ಇಲ್ಲವೇ ಇಲ್ಲ, ಮತ್ತೆ ತರಲು ಬರುವುದಿಲ್ಲ.

ತಾಳದ ಕಿಣಿಕಿಣಿ ನೀರಿನೊಳಗೆ ಬಿದ್ದಂತೆ ಕೇಳಿದರೆ ಅದು ಕಂಪ್ರೆಷನ್. ವೇವ್ ಫೈಲ್ ಸ್ಟೀರಿಯೋ 16 ಬಿಟ್‌ನಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಹಿಡಿಯುತ್ತದೆ. ಎಂಪಿ3 ಅದರಲ್ಲಿ ಕಿವಿಗೆ ಅಷ್ಟಾಗಿ ಕೇಳದ್ದನ್ನು ತೆಗೆದು ಚಿಕ್ಕದು ಮಾಡುತ್ತದೆ. ತೀರಾ ಹಿಂಡಿದರೆ ಮೊದಲು ಕೆಡುವುದು ತಾಳ. ಎಂಪಿ3ಯನ್ನೇ ಮತ್ತೆ ಮತ್ತೆ ಎಡಿಟ್ ಮಾಡಿ ಸೇವ್ ಮಾಡಿದರೆ ಪ್ರತಿ ಸಲವೂ ಸ್ವಲ್ಪ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ.

ಹೆಡ್‌ಫೋನ್‌ನಲ್ಲಿ ಇದೆ, ಫೋನ್ ಸ್ಪೀಕರ್‌ನಲ್ಲಿ ಇಲ್ಲ

ಮಠದ ಕಾರ್ಯಕ್ರಮದಲ್ಲಿ ಸೌಂಡ್ ಸಿಸ್ಟಂ ಅಣ್ಣನಿಂದ ಮಿಕ್ಸರ್‌ನ ಒಂದು ಲೈನ್ ತೆಗೆದುಕೊಂಡಿರುತ್ತೀರಿ. ಇಯರ್‌ಫೋನ್‌ನಲ್ಲಿ ಪ್ರವಚನ ಕೇಳುತ್ತದೆ, ಯಾಕೋ ತಲೆಯ ನಡುವೆ ನಿಲ್ಲುವುದಿಲ್ಲ. ಯೂಟ್ಯೂಬ್‌ಗೆ ಹಾಕಿದ ಮೇಲೆ ಜನ ಮಾತೇ ಇಲ್ಲ ಅನ್ನುತ್ತಾರೆ.

ಮಿಕ್ಸರ್‌ನ ಬ್ಯಾಲೆನ್ಸ್ಡ್ ಔಟ್‌ಪುಟ್ ಒಂದೇ ದನಿಯನ್ನು ಎರಡು ತಂತಿಯಲ್ಲಿ ಕಳಿಸುತ್ತದೆ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ಆ ಕೇಬಲ್‌ನ ಪಿನ್ನನ್ನು ಸ್ಟೀರಿಯೋ ತೂತಿಗೆ ಹಾಕಿದರೆ ಎಡಕ್ಕೆ ನೇರದ್ದು, ಬಲಕ್ಕೆ ತಲೆಕೆಳಗಿನದ್ದು ಬರುತ್ತದೆ. ಫೋನ್ ಎರಡನ್ನೂ ಒಂದೇ ಸ್ಪೀಕರ್‌ಗೆ ಕೂಡಿಸುತ್ತದೆ. ಎಡದಲ್ಲಿ 5,000, ಬಲದಲ್ಲಿ ಮೈನಸ್ 5,000, ಕೂಡಿದರೆ ಸೊನ್ನೆ. ಹಿಗ್ಗಿಸಿ ನೋಡಿದರೆ ಒಂದು ಚಾನಲ್‌ನಲ್ಲಿ ಗುಡ್ಡ ಇದ್ದಲ್ಲಿ ಇನ್ನೊಂದರಲ್ಲಿ ಹಳ್ಳ ಕಾಣುತ್ತದೆ. ಟ್ರ್ಯಾಕ್ ಬೇರೆ ಮಾಡಿ, ಒಂದನ್ನು ಅಳಿಸಿ, ಉಳಿದದ್ದನ್ನು ಮೋನೋ, ಅಂದರೆ ಒಂಟಿ ಚಾನಲ್ ಮಾಡಿ. ಪ್ರವಚನ ಪೂರ್ತಿ ವಾಪಸ್ ಬರುತ್ತದೆ.

ಕರೆಂಟ್ ಹೋಯಿತು, ಫೈಲ್ ತೆರೆಯುತ್ತಿಲ್ಲ

ವೇವ್ ಫೈಲಿನ ತಲೆಯಲ್ಲಿ ಸಾಮಾನ್ಯವಾಗಿ 44 ಬೈಟ್‌ನ ವಿವರ ಇರುತ್ತದೆ. ಸ್ಯಾಂಪಲ್ ರೇಟ್, ಬಿಟ್, ಚಾನಲ್, ಒಟ್ಟು ಉದ್ದ. ಉದ್ದವನ್ನು ಎಷ್ಟೋ ರೆಕಾರ್ಡರ್‌ಗಳು ಕೊನೆಗೆ ಸ್ಟಾಪ್ ಒತ್ತಿದಾಗ ಬರೆಯುತ್ತವೆ. ಅಷ್ಟರೊಳಗೆ ಕರೆಂಟ್ ಹೋದರೆ ಉದ್ದ ಸೊನ್ನೆ ಅಂತ ಉಳಿಯುತ್ತದೆ. ಪ್ಲೇಯರ್ ಫೈಲ್ ಖಾಲಿ ಅನ್ನುತ್ತದೆ. ಫೈಲಿನ ಸೈಜ್ ನೋಡಿ. ನೂರಾರು ಎಂಬಿ ಇದ್ದರೆ ಹಾಡು ಒಳಗೇ ಇದೆ. ಡಿಲೀಟ್ ಮಾಡಬೇಡಿ.

ಆಡಾಸಿಟಿಯ ಫೈಲ್ ಮೆನುವಿನಲ್ಲಿ ಇಂಪೋರ್ಟ್, ಅದರಲ್ಲಿ ರಾ ಡೇಟಾ. ಸೈನ್ಡ್ 16 ಬಿಟ್, ಲಿಟಲ್ ಎಂಡಿಯನ್, ರೇಟ್ 44,100, ಬಿಡಬೇಕಾದ ಬೈಟ್ 44 ಅಂತ ಕೊಡಿ. ಆಮೇಲೆ ಕಿವಿ ಹೇಳಿದಂತೆ ತಿದ್ದಿ. ಬರೀ ಭೋರ್ ಅಂದರೆ ಬಿಟ್ ಇಲ್ಲವೇ ಬೈಟ್ ಸಾಲು ತಪ್ಪಿದೆ, 24 ಬಿಟ್ ಹಾಕಿ ನೋಡಿ. ಎರಡು ಪಟ್ಟು ವೇಗವಾಗಿ, ಒಂದು ಸಪ್ತಕ ಮೇಲೆ ಕೇಳಿದರೆ ಮೋನೋ ಫೈಲನ್ನು ಸ್ಟೀರಿಯೋ ಅಂತ ಓದಿಸಿದ್ದೀರಿ. ಅರ್ಧ ವೇಗ ಆದರೆ ಅದರ ತಿರುಗು. ಶ್ರುತಿ ಒಂದೂವರೆ ಮನೆ ಇಳಿದಿದ್ದರೆ ರೇಟ್ 48,000.

ರಾತ್ರಿಯಿಡೀ ನಡೆಯುವ ಭಜನೆಗೆ ಇನ್ನೊಂದು ಮಿತಿ ಇದೆ. ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟುವಂತಿಲ್ಲ, ಉದ್ದ ಬರೆಯುವ ಜಾಗ ಅಷ್ಟೇ. 48,000, 24 ಬಿಟ್, ಸ್ಟೀರಿಯೋದಲ್ಲಿ ಅದು ಸುಮಾರು 4 ಗಂಟೆ 8 ನಿಮಿಷಕ್ಕೆ ತುಂಬುತ್ತದೆ. ಪದ ಪದಕ್ಕೂ ಸ್ಟಾಪ್ ಒತ್ತಿ ಹೊಸ ಫೈಲ್ ಶುರು ಮಾಡುವುದೇ ಒಳ್ಳೆಯದು.

ವಿಡಿಯೋಗೂ ದನಿಗೂ ಮೆಲ್ಲಗೆ ಅಂತರ

ಶುರುವಿನಲ್ಲಿ ತುಟಿ ಸರಿ ಇದ್ದು ಗಂಟೆಯ ಮೇಲೆ ಹಿಂದೆ ಬಿದ್ದರೆ ಫೋನ್ ಮತ್ತು ರೆಕಾರ್ಡರ್ ಗಡಿಯಾರಗಳ ವ್ಯತ್ಯಾಸ. 10 ಲಕ್ಷಕ್ಕೆ 50ರ ವ್ಯತ್ಯಾಸ ಇದ್ದರೂ ಗಂಟೆಗೆ 0.18 ಸೆಕೆಂಡು ಆಗುತ್ತದೆ. ಶುರುವಿನಲ್ಲೂ ಕೊನೆಯಲ್ಲೂ ಒಂದೊಂದು ಚಪ್ಪಾಳೆ ಹೊಡೆಯಿರಿ. ಎಡಿಟ್ ಮಾಡುವಾಗ ಎರಡೂ ಚಪ್ಪಾಳೆ ಕೂಡುವಂತೆ ದನಿಯ ಉದ್ದ ಸ್ವಲ್ಪ ಎಳೆಯಿರಿ.

ಏನೂ ತಿಳಿಯದಿದ್ದರೆ

ಇಷ್ಟೆಲ್ಲ ನೋಡಿದ ಮೇಲೂ ದೋಷ ಸಿಗದಿದ್ದರೆ ಕಾರ್ಡಿನ ಔಟ್‌ಪುಟ್ಟನ್ನೇ ಒಂದು ಕೇಬಲ್‌ನಿಂದ ಅದರ ಲೈನ್ ಇನ್‌ಪುಟ್‌ಗೆ ಜೋಡಿಸಿ. ಮೊದಲು ಡೈರೆಕ್ಟ್ ಮಾನಿಟರ್ ಆಫ್ ಮಾಡಿ, ಫ್ಯಾಂಟಮ್ ಪವರ್ (ಕಾರ್ಡ್ ಮೈಕ್‌ಗೆ ಕೊಡುವ ಕರೆಂಟ್) ಆಫ್ ಮಾಡಿ, ಗೇನ್ ಕೆಳಗಿಡಿ, ಆಡಾಸಿಟಿಯಲ್ಲಿ ಪ್ಲೇಥ್ರೂ (ಒಳಬಂದ ದನಿಯನ್ನು ಹೊರಗೆ ಕೇಳಿಸುವ ಸೆಟ್ಟಿಂಗ್) ಆಫ್ ಇರಲಿ. ಇಲ್ಲದಿದ್ದರೆ ದನಿ ಸುತ್ತಿ ಸುತ್ತಿ ಕೂಗಿಕೊಳ್ಳುತ್ತದೆ. ಆಡಾಸಿಟಿಯ ಟೋನ್‌ನಿಂದ 1,000 ಹರ್ಟ್ಸ್‌ನ ಒಂದು ಸದ್ದು ಹುಟ್ಟಿಸಿ, ಅದನ್ನು ಪ್ಲೇ ಮಾಡುತ್ತಲೇ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಹೀಗೆ ಮಾಡಿದಾಗ ಅಂಕಿ ದನಿಯಾಗಿ, ದನಿ ಮತ್ತೆ ಅಂಕಿಯಾಗಿ, ಪೂರ್ತಿ ದಾರಿ ಸುತ್ತಿ ಬರುತ್ತದೆ. ವಾಪಸ್ ಬಂದ ಸದ್ದು 1,000ದಲ್ಲೇ ಇದ್ದು, ಅಲೆ ದುಂಡಗಿದ್ದು, ಟಿಕ್ ಇಲ್ಲದಿದ್ದರೆ ಕಾರ್ಡೂ ಲ್ಯಾಪ್‌ಟಾಪೂ ಚೆನ್ನಾಗಿವೆ. ಇನ್ನು ಉಳಿದದ್ದು ಮೈಕ್ ಮತ್ತು ಅದರ ಕೇಬಲ್. ಮೊದಲು ಕೇಬಲ್ ಬದಲಿಸಿ ನೋಡಿ. ಪಿನ್ ಹತ್ತಿರ ಬಗ್ಗಿಸಿದಾಗ ಕರಕರ ಅಂದರೆ ಅಲ್ಲೇ ಬೆಸುಗೆ ಬಿಟ್ಟಿದೆ, ಹೊಸ ಪಿನ್ ಹಾಕಿಸಿದರೆ ಸಾಕು.